ಬುಡಾಪೆಸ್ಟ್ ಪ್ರೈಡ್‌ಗೆ ನಿಷೇಧ ಬಿದ್ದಿದೆ, ದಾರಿಯಲ್ಲಿ ಕ್ಯಾಮೆರಾ ಇದೆ. ಹೋಗಲಾ, ಬೇಡ್ವಾ?

ತುಂಗಾತೀರ – 19 ಜೂನ್ 2025

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿವಮೊಗ್ಗ. ಎರಡು ವರ್ಷದಿಂದ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಓದುತ್ತಿದ್ದೇನೆ. ನಾನು ಗೇ. ಇಲ್ಲಿ ಇಬ್ಬರು ಗೆಳೆಯರಿಗೆ ಗೊತ್ತು, ಊರಲ್ಲಿ ಯಾರಿಗೂ ಗೊತ್ತಿಲ್ಲ. ಈ ಮಾತನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಕೈ ನಡುಗುತ್ತಿದೆ.

ಇದೇ 28ರ ಶನಿವಾರ ಇಲ್ಲಿ ನಮ್ಮಂಥವರ ಪ್ರೈಡ್ ನಡಿಗೆ. ಇದು 30ನೆಯದು. ಮಾರ್ಚ್ 18ರಂದು ಇಲ್ಲಿನ ಸಂಸತ್ತು ಕಾನೂನು ತಿದ್ದಿ ಇಂಥ ನಡಿಗೆಯನ್ನು ನಿಷೇಧಿಸಲು ದಾರಿ ಮಾಡಿಕೊಟ್ಟಿತು. ಮಕ್ಕಳ ರಕ್ಷಣೆ ಅಂತ ಕಾರಣ ಕೊಟ್ಟಿದ್ದಾರೆ. ಹೋದವರಿಗೆ 2 ಲಕ್ಷ ಫೋರಿಂಟ್‌ವರೆಗೆ ದಂಡ, ಅಂದರೆ ಸುಮಾರು 50 ಸಾವಿರ ರೂಪಾಯಿ. ಆಯೋಜಿಸಿದವರಿಗೆ ಒಂದು ವರ್ಷದವರೆಗೆ ಜೈಲು. ಬಂದವರು ಯಾರು ಅಂತ ಕ್ಯಾಮೆರಾದಲ್ಲಿ ಮುಖ ನೋಡಿ ಪತ್ತೆ ಮಾಡಬಹುದು ಅಂತಲೂ ಕಾನೂನಿನಲ್ಲಿದೆ. ಮೇಯರ್ ಗೆರ್ಗೇ ಕರಾಚೋನಿ ಇದನ್ನು ನಗರದ್ದೇ ಕಾರ್ಯಕ್ರಮ ಅಂತ ಘೋಷಿಸಿದರು, ಹಾಗಾಗಿ ಪೊಲೀಸರ ಅನುಮತಿ ಬೇಕಿಲ್ಲ ಎಂದರು. ಪೊಲೀಸರು ಈಗ ಅದನ್ನೂ ನಿಷೇಧಿಸಿದ್ದಾರೆ.

ನನಗೆ ಮೂರು ಭಯ. ಮೊದಲನೆಯದು, ನನ್ನ ವಾಸದ ಪರವಾನಗಿಗೆ ಏನಾದರೂ ಆದರೆ? ಎರಡನೆಯದು, ಹೊಡೆತ. ನಮ್ಮ ಮನೆ ಓನರ್ ಅಜ್ಜಿ 2008ರದ್ದು ನೆನಪಿಸಿಕೊಂಡು ಹೇಳಿದರು. ಆ ವರ್ಷ ನಡೆಯುವವರ ಮೇಲೆ ಮೊಟ್ಟೆ, ಕಲ್ಲು, ಪೆಟ್ರೋಲ್ ಬಾಂಬ್ ಎಲ್ಲ ಬಿದ್ದಿದ್ದವಂತೆ. ಪೊಲೀಸರು ಅಶ್ರುವಾಯು ಬಿಡಬೇಕಾಯಿತಂತೆ. ಮೂರನೆಯದು, ಒಂದು ಫೋಟೋ ಹೇಗೋ ಶಿವಮೊಗ್ಗ ತಲುಪುವುದು. ನಿಜ ಹೇಳಬೇಕೆಂದರೆ ಮೂರರಲ್ಲಿ ಇದೇ ದೊಡ್ಡದು.

ಆದರೂ ಹೋಗಬೇಕು ಅನ್ನಿಸುತ್ತಿದೆ. ಹೋದವರು, ಹೋಗದವರು, ಎಲ್ಲರೂ ಹೇಳಿ.

ನೇರಮಾತು – 19 ಜೂನ್

ತಮ್ಮಾ, ಹೋಗಬೇಡ.

ನಾನು ವಿಯೆನ್ನಾದಲ್ಲಿ ಎಂಟು ವರ್ಷದಿಂದ ಇದ್ದೇನೆ. ಮದುವೆಯಾದವನು, ಮಗಳಿದ್ದಾಳೆ. ನಿನ್ನ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಪರದೇಶದಲ್ಲಿ ಒಂದು ಕಾಗದದ ಮೇಲೆ ಬದುಕುವುದು ಅಂದರೇನು ಅಂತ ಗೊತ್ತು. ಪರವಾನಗಿ ನವೀಕರಣಕ್ಕೆ ಕೌಂಟರ್ ಮುಂದೆ ನಿಂತಾಗ ಹೊಟ್ಟೆಯಲ್ಲಿ ಆಗುವ ಸಂಕಟ ಗೊತ್ತು. ಅಲ್ಲಿನವರು ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ನಿನ್ನ ಮನೆ ಎಷ್ಟು ದೂರ ಇದೆ ಯೋಚನೆ ಮಾಡು. ನಿನ್ನನ್ನು ಕಳಿಸಲು ಅಪ್ಪ ಅಮ್ಮ ಎಷ್ಟು ಸಾಲ ಮಾಡಿದ್ದಾರೋ.

ನಡೆಯಲೇಬೇಕು ಅಂದರೆ ನವೆಂಬರ್‌ನಲ್ಲಿ ರಜೆ ಹಾಕಿ ಬೆಂಗಳೂರಿನಲ್ಲಿ ನಡಿ. ಅಲ್ಲಿ ನಿನ್ನನ್ನು ಯಾರೂ ದೇಶದಿಂದ ಹೊರಗೆ ಕಳಿಸಲು ಆಗುವುದಿಲ್ಲ.

ಗಾಂಧಿಬಜಾರ್ – 20 ಜೂನ್

ಮೇಲಿನವರ ಮಾತಿನಲ್ಲಿ ಕಾಳಜಿ ಇದೆ. ನಾನು ನನ್ನ ಕಥೆ ಹೇಳುತ್ತೇನೆ.

2008ರ ಜೂನ್ 29, ಭಾನುವಾರ. ಬೆಂಗಳೂರಿನ ಮೊದಲ ಪ್ರೈಡ್ ನಡಿಗೆ. ಅದೇ ದಿನ ದೆಹಲಿ, ಕೋಲ್ಕತ್ತದಲ್ಲೂ ಇತ್ತು. ನಮ್ಮದು ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಟೌನ್ ಹಾಲ್‌ವರೆಗೆ. ನ್ಯಾಷನಲ್ ಕಾಲೇಜ್ ಅಂದರೆ ನನಗೆ ಮನೆ ಅಂಗಳ. ನಾನು ಅಲ್ಲೇ ಓದಿದವನು. ಆ ಸರ್ಕಲ್‌ನಲ್ಲಿ ನಿಂತರೆ ಹತ್ತು ನಿಮಿಷಕ್ಕೆ ಒಬ್ಬರಾದರೂ ಗುರುತಿನವರು ಸ್ಕೂಟರ್‌ನಲ್ಲಿ ಹೋಗುತ್ತಾರೆ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಐಪಿಸಿ 377ನೇ ಕಲಂ ಆಗ ಇನ್ನೂ ಇತ್ತು. ಅದು ಅಪರಾಧವಲ್ಲ ಅಂದ ದೆಹಲಿ ಹೈಕೋರ್ಟ್ ತೀರ್ಪು ಬಂದಿದ್ದು ಮರುವರ್ಷ ಜುಲೈ 2ಕ್ಕೆ. ಕಾಗದದ ಮೇಲೆ ನಾನು ಅಪರಾಧಿಯೇ.

ಎಷ್ಟೋ ಜನ ಮುಖವಾಡ ಹಾಕಿಕೊಂಡಿದ್ದರು. ನಾನೂ ಹಾಕಿದೆ. ನಡುದಾರಿಯಲ್ಲಿ ಕಿತ್ತು ಬಿಸಾಡಿದೆ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಬಿಸಾಡಲಿಲ್ಲ. ಟೌನ್ ಹಾಲ್ ಮೆಟ್ಟಿಲು ಮುಟ್ಟುವವರೆಗೂ ಹಾಕಿಕೊಂಡೇ ಇದ್ದೆ. ಒಳಗೆಲ್ಲ ಬೆವರು. ಮರುವರ್ಷವೂ ಹಾಕಿದೆ. ತೆಗೆಯಲು ಮೂರು ವರ್ಷ ಬೇಕಾಯಿತು.

ಆದರೆ ಮುಖವಾಡಕ್ಕಿಂತ ಹೆಚ್ಚು ನನ್ನನ್ನು ಕಾಪಾಡಿದ್ದು ಬೇರೆ. ಆಫೀಸಿನ ಒಬ್ಬ ಗೆಳತಿಗೆ ಎಲ್ಲ ಹೇಳಿದ್ದೆ. ಅವಳು ನಡೆಯಲಿಲ್ಲ. ಟೌನ್ ಹಾಲ್ ಎದುರು ರಸ್ತೆಯ ಆ ಕಡೆ ನಿಂತಿದ್ದಳು. ಅವಳ ಚೀಲದಲ್ಲಿ ನನ್ನ ಇನ್ನೊಂದು ಅಂಗಿ, ಮನೆಯ ಇನ್ನೊಂದು ಕೀಲಿಕೈ, ಒಬ್ಬ ವಕೀಲರ ನಂಬರು. ನಾಲ್ಕು ಗಂಟೆಗೆ ನಾನು ಕಾಣದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದುಕೊಂಡಿದ್ದಳು. ನಮ್ಮಲ್ಲಿ ಆಮೇಲೆ ಇದು ರೂಢಿಯೇ ಆಯಿತು. ಒಳಗೆ ನಡೆಯುವ ಹೊಸಬರಿಗೆಲ್ಲ ಹೊರಗೆ ಒಬ್ಬರು. ನನ್ನ ಹೊರಗಿನವಳು ಈಗ ಕೆನಡಾದಲ್ಲಿದ್ದಾಳೆ. ಪ್ರತಿ ವರ್ಷ ಆ ದಿನ ಒಂದು ಮೆಸೇಜ್ ಹಾಕುತ್ತಾಳೆ, 'ಅಂಗಿ ತಂದಿದ್ದೇನೆ' ಅಂತ.

ತಮ್ಮಾ, ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಹೋಗುವುದಾದರೆ ನಿನ್ನ ಹೊರಗಿನವರು ಯಾರು? ಅದನ್ನು ಮೊದಲು ಗೊತ್ತುಮಾಡಿಕೋ.

ಧಾರವಾಡ ವಕೀಲೆ – 20 ಜೂನ್

ಕಾನೂನಿನ ಕಡೆಯಿಂದ ಸ್ವಲ್ಪ. ನಾನು ಹಂಗೇರಿಯ ವಕೀಲೆ ಅಲ್ಲ, ಆದ್ದರಿಂದ ಇದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಅಲ್ಲಿ ಹೆಲ್ಸಿಂಕಿ ಕಮಿಟಿ, ತಾಸ್, ಹಾಟ್ಟೇರ್ ಎಂಬ ಸಂಸ್ಥೆಗಳಿವೆ. ಪ್ರೈಡ್‌ಗೆ ಹೋಗುವವರಿಗೆ ಕಾನೂನು ಸಲಹೆ ಕೊಡುತ್ತಿವೆ. ಸುಮ್ನೆ ಇಲ್ಲಿ ನಮ್ಮನ್ನು ಕೇಳುವುದಕ್ಕಿಂತ ಅವರಿಗೆ ಇವತ್ತೇ ಬರೆಯಿರಿ. 'ನಾನು ಯುರೋಪಿನ ಪ್ರಜೆ ಅಲ್ಲ, ವಿದ್ಯಾರ್ಥಿ ಪರವಾನಗಿ ಇದೆ' ಅಂತ ಮೊದಲ ಸಾಲಿನಲ್ಲೇ ಹೇಳಿ. ಉತ್ತರ ಬರುವವರೆಗೆ ತೀರ್ಮಾನ ಮಾಡಬೇಡಿ.

ಹೋಗುವುದಾದರೆ ವಾಸದ ಕಾರ್ಡ್ ಜೊತೆಯಲ್ಲಿರಲಿ. ಪೊಲೀಸರು ಗುರುತು ಕೇಳಿದರೆ ತೋರಿಸಿ, ವಾದ ಬೇಡ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಅನುವಾದ ಬೇಕು ಅಂತ ಕೇಳಿ. ವಕೀಲರ ನಂಬರನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ತೋಳಿನ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಡಿ, ಅದರಿಂದಲೇ ಕಣ್ಣು ನಿಮ್ಮ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಕಾನೂನು ನಮ್ಮ ಕಡೆ ಇರುವುದು, ಇಲ್ಲದಿರುವುದು ಎರಡನ್ನೂ ನಮ್ಮವರು ನೋಡಿದ್ದಾರೆ. 2013ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದವರು ಅಪರಾಧಿಗಳಲ್ಲ. ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, 377 ಮತ್ತೆ ಜೀವ ಪಡೆಯಿತು. 2014ರಲ್ಲಿ ಅದೇ ಜನ ಅದೇ ಊರಿನಲ್ಲಿ ಮತ್ತೆ ನಡೆದರು. ಅದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ 2018ರ ಸೆಪ್ಟೆಂಬರ್ 6ರವರೆಗೂ ಹಾಗೆಯೇ ನಡೆದರು.

ಬಳ್ಳಾರಿ ಬಿಸಿಲು – 20 ಜೂನ್

ಗಾಂಧಿಬಜಾರ್ ಅಣ್ಣ, ನಿಮ್ಮ ಮುಖವಾಡದ ಮಾತು ಓದಿ ಒಂದು ಹೇಳಬೇಕು ಅನ್ನಿಸಿತು. ನಾನು ಹೆಣ್ಣಾಗಿ ಬದುಕುತ್ತಿರುವ ಟ್ರಾನ್ಸ್. ನನಗೆ ಮುಖವಾಡ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ. ಬಸ್ ಹತ್ತಿದರೂ ಜನಕ್ಕೆ ಗೊತ್ತು, ಸಂತೆಗೆ ಹೋದರೂ ಗೊತ್ತು. ನೀವೆಲ್ಲ ವರ್ಷಕ್ಕೆ ಒಂದು ದಿನ ಪಡುವ ಭಯವನ್ನು ನಾವು ತರಕಾರಿ ತರಲು ಹೋಗುವಾಗ ಪಡುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಭಯ ಚಿಕ್ಕದು ಅಂತ ಅಲ್ಲ.

ಪಟ್ಟಿ ಮಾಡುವುದೂ ನಮಗೆ ಹೊಸದಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿದರು. ನಮ್ಮಂಥವರ ಹೆಸರು, ವಿಳಾಸ ಬರೆದಿಡುವ ಅಧಿಕಾರ ಪೊಲೀಸರಿಗೆ. ಅಲ್ಲಿ ಕ್ಯಾಮೆರಾ, ಇಲ್ಲಿ ದಫ್ತರ. ಸಮುದಾಯದವರು ಹೈಕೋರ್ಟಿಗೆ ಹೋದರು, ಆಮೇಲೆ ಕಾಯ್ದೆಯಿಂದ ನಮ್ಮನ್ನು ಕರೆದಿದ್ದ ಆ ಪದ ಹೋಯಿತು.

ನಾನು ಮೊದಲ ಸಲ ಬೆಂಗಳೂರಿನಲ್ಲಿ ನಡೆದಾಗ ಮುಖವಾಡದ ಹುಡುಗರು ನಮ್ಮ ಹಿಂದೆ ಅಡಗಿ ಅಡಗಿ ಬರುತ್ತಿದ್ದರು. ಮುಂದೆ ನಾವು, ಸೀರೆ ಉಟ್ಟವರು. ಟಿವಿಯವರು ನಮ್ಮನ್ನೇ ಹಿಡಿದರು. ತಮ್ಮಾ, ನೀನು ಹೋದರೆ ಅಲ್ಲಿನ ಟ್ರಾನ್ಸ್ ಹೆಣ್ಣುಮಕ್ಕಳ ಪಕ್ಕ ನಡಿ, ಹಿಂದೆ ಬೇಡ. ಅಷ್ಟು ಕೇಳಿಕೊಳ್ಳುತ್ತೇನೆ.

ತುಂಗಾತೀರ – 21 ಜೂನ್

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಬಳ್ಳಾರಿ ಅಕ್ಕ, ಮಾತು ಕೊಟ್ಟೆ. ವಕೀಲೆ ಮೇಡಂ, ನೀವು ಹೇಳಿದ ಒಂದು ಕಡೆ ಬರೆದಿದ್ದೇನೆ. ಹೊರಗೆ ಯಾರು ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. ನನ್ನ ಇಬ್ಬರು ಗೆಳೆಯರೂ ಒಳಗೆ ನಡೆಯುವವರೇ.

ಓಸ್ಲೋ ಹಿಮ – 21 ಜೂನ್

ನಾನು ಹೋಗದವನು, ಆದ್ದರಿಂದ ಬರೆಯುತ್ತಿದ್ದೇನೆ.

2022ರ ಜೂನ್ 25, ಶನಿವಾರ. ಮಧ್ಯಾಹ್ನ ಓಸ್ಲೋ ಪ್ರೈಡ್ ಇತ್ತು. ಶುಕ್ರವಾರ ರಾತ್ರಿ ಕಳೆದು ಒಂದು ಗಂಟೆ ಮೀರಿದ ಮೇಲೆ ಲಂಡನ್ ಪಬ್ ಹತ್ತಿರ ಒಬ್ಬ ಗುಂಡು ಹಾರಿಸಿದ. ಅದು ನಮ್ಮ ಸಮುದಾಯದವರು ಸೇರುವ ಹಳೆಯ ಜಾಗ. ಇಬ್ಬರು ಸತ್ತರು, ಹಲವರಿಗೆ ಗಾಯ. ನನ್ನ ಫೋನ್ ಬೆಳಗಿನ ಜಾವದಿಂದ ಬಡಿದುಕೊಳ್ಳುತ್ತಲೇ ಇತ್ತು. ಪೊಲೀಸರ ಸಲಹೆಯಂತೆ ಮೆರವಣಿಗೆ ರದ್ದಾಯಿತು. ಆದರೂ ಮಧ್ಯಾಹ್ನ ಸಾವಿರಾರು ಜನ ತಾವಾಗಿಯೇ ಸೇರಿ ನಡೆದರು. ಬಟ್ಟೆ ಹಾಕಿಕೊಂಡು ಬಾಗಿಲವರೆಗೆ ಬಂದೆ, ಚಿಲಕ ತೆಗೆಯಲು ಆಗಲಿಲ್ಲ. ಆಮೇಲೆ ಒಂದು ದಿನ ಹೂವು ಇಟ್ಟು ಬಂದೆ. ನನ್ನನ್ನು ಯಾರೂ ಹೇಡಿ ಅನ್ನಲಿಲ್ಲ. ನಿನ್ನನ್ನೂ ಯಾರೂ ಅನ್ನಬಾರದು.

ಒಂದು ವ್ಯತ್ಯಾಸ ಮಾತ್ರ ನೋಡು. ನಮ್ಮಲ್ಲಿ ಪೊಲೀಸರು ಬೇಡ ಅಂದಿದ್ದು ಇನ್ನೊಬ್ಬ ಬಂದೂಕು ಹಿಡಿದು ಬರಬಹುದು ಅಂತ. ನಿಮ್ಮಲ್ಲಿ ಬೇಡ ಅಂದಿರುವುದು ನೀವು ಕಾಣಬಾರದು ಅಂತ. ಈ ಎರಡು ಭಯವನ್ನು ಒಂದೇ ಚೀಲಕ್ಕೆ ಹಾಕಬೇಡ. ಮೊದಲನೆಯದಕ್ಕೆ ನಾನು ಇವತ್ತಿಗೂ ಮನೆಯಲ್ಲೇ ಇರುತ್ತೇನೆ. ಎರಡನೆಯದಕ್ಕೆ ಬಹುಶಃ ಹೊರಗೆ ಬರುತ್ತಿದ್ದೆ.

ಹಾಸನದ ಅಮ್ಮ – 22 ಜೂನ್

ಮಗನೇ, ನಿನ್ನ ಮೂರನೇ ಭಯದ ಬಗ್ಗೆ ನಾನು ಹೇಳಬಲ್ಲೆ. ನಾನು ಅಂಥ ಒಬ್ಬ ಹುಡುಗನ ಅಮ್ಮ. ನನಗೆ ವಿಷಯ ಗೊತ್ತಾಗಿದ್ದು ಫೋಟೋದಿಂದಲೇ. ಯಾರೋ ಕಳಿಸಿದ್ದು ನನ್ನ ತಂಗಿಗೆ, ತಂಗಿಯಿಂದ ನನ್ನ ಫೋನಿಗೆ. ಬೆಂಗಳೂರಿನಲ್ಲಿ ಬಣ್ಣದ ಬಾವುಟದ ಕೆಳಗೆ ನನ್ನ ಮಗ ನಗುತ್ತಿದ್ದ. ಅಷ್ಟು ಚೆನ್ನಾಗಿ ನಕ್ಕಿದ್ದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಮೊದಲು ಹೆದರಿಕೆಯಾಯಿತು. 2013ರಲ್ಲಿ ನಮ್ಮ ಹಾಸನದಲ್ಲಿ 377ರ ಹೆಸರಿನಲ್ಲಿ 13 ಜನರನ್ನು ಹಿಡಿದಿದ್ದು ನೆನಪಿತ್ತು. ಆಗ ಊರಿನ ಬಾಯಿ ಹೇಗಿತ್ತು ಅಂತ ಕೇಳಿದವಳು ನಾನು. ಎರಡು ತಿಂಗಳು ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನನ್ನ ತಪ್ಪು.

ಈಗ ಯೋಚಿಸಿದರೆ, ವಿಷಯಕ್ಕಿಂತ ಬೇರೆಯವರ ಬಾಯಿಂದ ಬಂತಲ್ಲ ಅನ್ನುವುದೇ ನೋವಾಗಿತ್ತು. ಹಾಗಂತ ಇವತ್ತೇ ಅಮ್ಮನಿಗೆ ಹೇಳಿಬಿಡು ಅಂತ ನಾನು ಅನ್ನುವುದಿಲ್ಲ. ನಿಮ್ಮ ಮನೆ ನಿನಗೇ ಗೊತ್ತು. ಮನೆಯಲ್ಲಿ ಯಾರಾದರೂ ಒಬ್ಬರು ಇದ್ದಾರಾ? ಫೋಟೋ ಬಂದರೆ 'ನನಗೆ ಗೊತ್ತಿತ್ತು ಬಿಡಿ' ಅನ್ನುವಂಥ ಒಬ್ಬರು?

ತುಂಗಾತೀರ – 25 ಜೂನ್

ಅಮ್ಮಾ, ನಿನ್ನೆ ರಾತ್ರಿ ಅಕ್ಕನಿಗೆ ಹೇಳಿದೆ. ಭದ್ರಾವತಿಯಲ್ಲಿದ್ದಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ 'ಊಟ ಸರಿಯಾಗಿ ಮಾಡ್ತಿದ್ದೀಯಾ?' ಅಂತ ಕೇಳಿದಳು. ಇಬ್ಬರೂ ಅತ್ತೆವು.

ವಕೀಲೆ ಮೇಡಂ ಹೇಳಿದ ಸಂಸ್ಥೆಯಿಂದ ಉತ್ತರವೂ ಬಂತು. ದಂಡ ಹಾಕಿದರೆ ಪ್ರಶ್ನಿಸಬಹುದು, ಸಹಾಯ ಮಾಡುತ್ತೇವೆ ಅಂದಿದ್ದಾರೆ. ಪರವಾನಗಿಗೆ ಏನೂ ಆಗುವುದಿಲ್ಲ ಅಂತ ಮಾತು ಕೊಡಲು ಆಗುವುದಿಲ್ಲ ಅಂತಲೂ ನೇರವಾಗಿ ಹೇಳಿದ್ದಾರೆ. ಹೋಗುತ್ತೇನೆ ಅಂದುಕೊಂಡಿದ್ದೇನೆ.

ನೇರಮಾತು – 25 ಜೂನ್

ನಾನು ಹೇಳಿದ್ದು ಬದಲಾಗಿಲ್ಲ. ಹೋಗಬಾರದು. ಆದರೆ ಹೋಗುತ್ತೀಯ ಅಂತ ಗೊತ್ತಾದ ಮೇಲೆ ಇಲ್ಲಿ ಕೂತು ಬುದ್ಧಿ ಹೇಳುವುದರಲ್ಲಿ ಅರ್ಥ ಇಲ್ಲ. ವಿಯೆನ್ನಾದಿಂದ ಮೂರು ಗಂಟೆಯೂ ಹಿಡಿಯುವುದಿಲ್ಲ. ಶನಿವಾರ ಬೆಳಗಿನ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ನಡೆಯುವುದಿಲ್ಲ. ಹೊರಗೆ ಇರುತ್ತೇನೆ. ಫೋನ್ ನಂಬರ್ ಬೇರೆಯಾಗಿ ಕಳಿಸಿದ್ದೇನೆ. ಮನೆಯ ಇನ್ನೊಂದು ಕೀಲಿಕೈ ತಂದುಕೊಡು.

ಗಾಂಧಿಬಜಾರ್ – 25 ಜೂನ್

ಅಂಗಿ ಮರೆಯಬೇಡಿ.

ತುಂಗಾತೀರ – 29 ಜೂನ್

ಕ್ಷೇಮವಾಗಿದ್ದೇನೆ. ನಿನ್ನೆ ರಾತ್ರಿಯೇ ಬರೆಯಬೇಕಿತ್ತು, ಕಾಲು ಎತ್ತಲು ಆಗಲಿಲ್ಲ.

ಸಿಟಿ ಹಾಲ್ ಪಾರ್ಕ್ ಹತ್ತಿರ ಸೇರಬೇಕಿತ್ತು. ಡೇಯಾಕ್ ಚೌಕದ ಮೆಟ್ರೋ ಮೆಟ್ಟಿಲಲ್ಲೇ ಜನ ಸಿಕ್ಕಿಕೊಂಡರು. ನೂರು ಜನ ಬಂದರೆ ಕ್ಯಾಮೆರಾಗೆ ನಾವೇ ಕಾಣುತ್ತೇವಲ್ಲ ಅಂತ ಲೆಕ್ಕ ಹಾಕಿದ್ದೆ. ಮೇಲೆ ಬಂದು ನೋಡಿದರೆ ಪಾರ್ಕ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಬಿಸಿಲು ಸುಡುತ್ತಿತ್ತು. ತುಂಬಾ ಹೊತ್ತು ನಿಂತಲ್ಲೇ ನಿಂತಿದ್ದೆವು. ದಾರಿಯ ಕಂಬಗಳ ಮೇಲೆ ಕ್ಯಾಮೆರಾ ಇದ್ದವು. ಮೊದಲನೆಯದರ ಕೆಳಗೆ ತಲೆ ತಗ್ಗಿಸಿದೆ. ಎರಡನೆಯದಕ್ಕೂ ತಗ್ಗಿಸಿದೆ. ಆಮೇಲೆ ಪಕ್ಕದ ಅಜ್ಜಿ ಒಬ್ಬರು ನೀರಿನ ಬಾಟಲಿ ಕೊಟ್ಟರು, ಕುಡಿಯುವಾಗ ತಲೆ ಎತ್ತಲೇಬೇಕಾಯಿತು. ಆಮೇಲೆ ತಗ್ಗಿಸಲಿಲ್ಲ. ಅವರು ತಮ್ಮ ಮೊಮ್ಮಗಳ ಜೊತೆ ಬಂದಿದ್ದರು.

ಬಲಪಂಥದ ಮಿ ಹಜಾಂಕ್ ಪಕ್ಷದವರು ಸ್ವಾತಂತ್ರ್ಯ ಸೇತುವೆಯನ್ನು ತಮ್ಮ ಕಾರ್ಯಕ್ರಮಕ್ಕೆ ಹಿಡಿದಿದ್ದರು. ಹಾಗಾಗಿ ನಮ್ಮ ದಾರಿ ಎಲಿಜಬೆತ್ ಸೇತುವೆಗೆ ತಿರುಗಿತು. ಎಲ್ಲೋ ಒಂದು ಕಡೆ ವಿರೋಧಿಗಳ ಕೂಗು ಕೇಳಿದಾಗ ಹೊಟ್ಟೆ ತಣ್ಣಗಾಯಿತು. ಪೊಲೀಸರು ಅವರನ್ನು ನಮ್ಮಿಂದ ದೂರ ಇಟ್ಟಿದ್ದರು. ನಿಷೇಧಿಸಿದ್ದೂ ಇದೇ ಪೊಲೀಸರು, ಅಡ್ಡ ನಿಂತವರೂ ಇವರೇ. ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಇನ್ನೂ ಗೊತ್ತಾಗಿಲ್ಲ.

ಬಳ್ಳಾರಿ ಅಕ್ಕ, ಸೇತುವೆ ಮೇಲೆ ಇಬ್ಬರು ಟ್ರಾನ್ಸ್ ಹೆಣ್ಣುಮಕ್ಕಳ ಪಕ್ಕವೇ ಇದ್ದೆ. ಒಬ್ಬರು ಹಳ್ಳಿಯಿಂದ ಬಂದವರು. ಈಗ ಭಯ ಆಗುತ್ತಿಲ್ಲವಾ ಅಂತ ಕೇಳಿದೆ. ಸಂಜೆ ಊರಿನ ಬಸ್ ಇಳಿದು ಮನೆಗೆ ಹೋಗುವಾಗ ಆಗುತ್ತದೆ ಅಂದರು. ನೀವು ಹೇಳಿದ್ದೇ ಮಾತು.

ಆಯೋಜಕರು 1 ಲಕ್ಷ 80 ಸಾವಿರದಿಂದ 2 ಲಕ್ಷ ಜನ ಅನ್ನುತ್ತಿದ್ದಾರೆ. ಹಿಂದೆ ಅತಿ ಹೆಚ್ಚು ಬಂದಿದ್ದು ಸುಮಾರು 35 ಸಾವಿರವಂತೆ. ನನಗೆ ಲೆಕ್ಕ ಗೊತ್ತಿಲ್ಲ. ಹಿಂದೆ ನೋಡಿದರೂ ಮುಂದೆ ನೋಡಿದರೂ ತಲೆಗಳೇ.

ದಂಡದ ಕಾಗದ ಬರುತ್ತದಾ ಅಂತ ಇನ್ನು ದಿನಾ ಅಂಚೆ ಡಬ್ಬಿ ನೋಡಬೇಕು. ಅದು ಇದ್ದೇ ಇದೆ.

ನೇರಮಾತು – 29 ಜೂನ್

ನಾನು ಡ್ಯಾನ್ಯೂಬ್ ನದಿಯ ಬುದಾ ಕಡೆಯ ದಡದಲ್ಲಿ, ತಾಂತ್ರಿಕ ವಿಶ್ವವಿದ್ಯಾಲಯದ ಹತ್ತಿರ ಕಾಯುತ್ತಿದ್ದೆ. ನಡಿಗೆ ಮುಗಿಯುವುದು ಅಲ್ಲೇ. ಕೈಯಲ್ಲಿ ಅವನ ಅಂಗಿ, ಕೀಲಿಕೈ. ಜನಸಂದಣಿಯಲ್ಲಿ ಫೋನ್ ಸಿಗುತ್ತಿರಲಿಲ್ಲ. ಒಂದು ಗಂಟೆ ಅವನಿಂದ ಸುದ್ದಿ ಇಲ್ಲ. ಆ ಒಂದು ಗಂಟೆಯಲ್ಲಿ ನನಗೆ ಆದದ್ದನ್ನು ಬರೆಯಲು ಬರುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಕೈ ಬಿಟ್ಟುಹೋಗಿದ್ದಳು, ಹಾಗೆ. ದಡದಿಂದ ಸೇತುವೆ ಕಡೆ ನೋಡಿದೆ. ಈ ತುದಿಯಿಂದ ಆ ತುದಿಗೆ ಬಣ್ಣ ತುಂಬಿ ಹರಿಯುತ್ತಿತ್ತು. ಅವನನ್ನು ಅಷ್ಟರಲ್ಲಿ ಹುಡುಕುವುದು ಸಾಧ್ಯವಿಲ್ಲ ಅಂತ ಗೊತ್ತಾದಾಗ ಮೊದಲ ಬಾರಿ ಸಮಾಧಾನವಾಯಿತು. ನನ್ನಿಂದ ಆಗದಿದ್ದರೆ ಬೇರೆಯವರಿಗೂ ಕಷ್ಟ ಅಲ್ವಾ ಅಂತ.

ಹೋಗಬಾರದು ಅಂದಿದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಇನ್ನೊಬ್ಬ ಹುಡುಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅವನು ಹೋದರೆ ಅಲ್ಲಿಗೂ ಹೋಗುತ್ತೇನೆ.

ಹಾಸನದ ಅಮ್ಮ – 29 ಜೂನ್

ನಿಮಗೆ ಪುಣ್ಯ ಬರಲಿ. ಇವತ್ತು ಮಗನಿಗೆ ಫೋನ್ ಮಾಡಿ ನಿನ್ನ ಆ ಫೋಟೋ ಇನ್ನೊಂದು ಸಲ ಕಳಿಸು ಅಂದೆ.

ತುಂಗಾತೀರ – 8 ಜುಲೈ

ನಡೆದವರ ಮೇಲೆ ಕ್ರಮ ತೆಗೆದುಕೊಳ್ಳುವುದಿಲ್ಲ ಅಂತ ಪೊಲೀಸರು ಹೇಳಿದ್ದಾರೆ. ಕಾನೂನು ಮಾತ್ರ ಹಾಗೇ ಇದೆ. ಅಕ್ಕನಿಗೆ ಹೇಳಿದೆ. ಅವಳು ಇಷ್ಟು ದಿನ ನನಗಿಂತ ಮೊದಲು ಎದ್ದು ಬುಡಾಪೆಸ್ಟ್ ಸುದ್ದಿ ನೋಡುತ್ತಿದ್ದಳಂತೆ.

ಅಡಿಕೆ ತೋಟ – 26 ಸೆಪ್ಟೆಂಬರ್

ಹಳೆಯ ಚರ್ಚೆ, ಆದರೂ ಕೇಳುತ್ತಿದ್ದೇನೆ. ನಾನು ಹಂಗೇರಿಯ ಪೇಚ್ ಊರಿನಲ್ಲಿ ಓದುತ್ತಿರುವ ಹುಡುಗಿ. ಅಕ್ಟೋಬರ್ 4ಕ್ಕೆ ಇಲ್ಲಿ ಪ್ರೈಡ್. ಇದನ್ನೂ ಪೊಲೀಸರು ನಿಷೇಧಿಸಿದ್ದಾರೆ. ಇದು ಬುಡಾಪೆಸ್ಟ್ ಅಲ್ಲ, ಚಿಕ್ಕ ಊರು. 2 ಲಕ್ಷ ಜನರ ನಡುವೆ ಮುಖ ಮರೆಯುವ ಹಾಗೆ ಇಲ್ಲಿ ಆಗುವುದಿಲ್ಲ. ನನ್ನ ತರಗತಿಯವರಿಗೆ, ಅಂಗಡಿಯವರಿಗೆ, ಎಲ್ಲರಿಗೂ ನಾನು ಗೊತ್ತು. ಇಲ್ಲಿ ನನಗೆ ಯಾರೂ ಇಲ್ಲ.

ತುಂಗಾತೀರ – 26 ಸೆಪ್ಟೆಂಬರ್

ಹೋಗಬೇಕಾ ಬೇಡವಾ ಅಂತ ನಾನು ಹೇಳುವುದಿಲ್ಲ. ಸಣ್ಣ ಊರಿನ ಭಯ ನನ್ನದಕ್ಕಿಂತ ದೊಡ್ಡದು, ಅದನ್ನು ಒಪ್ಪುತ್ತೇನೆ. ವಕೀಲೆ ಮೇಡಂ ಮೇಲೆ ಬರೆದದ್ದನ್ನು ಓದಿ, ಇವತ್ತೇ ಆ ಸಂಸ್ಥೆಗಳಿಗೆ ಬರೆಯಿರಿ.

4ನೇ ತಾರೀಖು ಬೆಳಗಿನ ರೈಲಿಗೆ ಬುಡಾಪೆಸ್ಟ್‌ನ ಕೆಲೆನ್‌ಫೋಲ್ಡ್ ನಿಲ್ದಾಣದಿಂದ ಹತ್ತುತ್ತೇನೆ. ನೀವು ನಡೆದರೆ ನಾನು ಹೊರಗೆ ಇರುತ್ತೇನೆ. ನಡೆಯದಿದ್ದರೆ ಎಲ್ಲಾದರೂ ಕೂತು ಕಾಫಿ ಕುಡಿಯೋಣ. ನಿಮ್ಮ ರೂಮಿಗೆ ಇನ್ನೊಂದು ಕೀಲಿಕೈ ಇದೆಯಾ?